ಕೆಂಪು ಶಾಯಿಯಲ್ಲಿ ಬರೆದ ಹೆಸರು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ಇದ್ದಿದ್ದರೂ ಬಿ.ಜಿ. ಕೆರೆ ಪಕ್ಕದ ಗೊಲ್ಲರಹಟ್ಟಿಯ ಮೂಗಮ್ಮ ಅದನ್ನು ಕುಡಿಯುತ್ತಿರಲಿಲ್ಲ ಬಿಡಿ. ಎದುರು ಮನೆಯ ಚಿತ್ರಾಳಿಗೆ ತನಗಿಂತ ಎರಡು ಗುಟುಕು ಜಾಸ್ತಿ ಸಿಕ್ಕಿತೇನೋ ಅಂತ ಮೊದಲು ಇಣುಕಿ ನೋಡುತ್ತಿದ್ದಳು.

ಮೂಗಮ್ಮನ ಗಂಡ ಜುಂಜಣ್ಣ, ಚಿತ್ರಾಳ ಗಂಡ ಮುತ್ತುರಾಜ್, ಇಬ್ಬರೂ ಒಂದೇ ದಿನ ಮಿಲಿಟರಿ ಸೇರಿದವರು. ಚಿತ್ರದುರ್ಗದ ಮೈದಾನದಲ್ಲಿ ಒಟ್ಟಿಗೆ ಓಡಿ, ಒಟ್ಟಿಗೆ ಎದೆ ಅಳೆಸಿಕೊಂಡು, ಒಂದೇ ಬಸ್ಸಿನಲ್ಲಿ ಹೋದವರು. ಅದಾಗಿ ಹದಿನಾಲ್ಕು ವರ್ಷ. ಮುತ್ತುರಾಜ್ ನಾಯಕ್ ಆದ, ಆಮೇಲೆ ಹವಾಲ್ದಾರ್ ಆದ, ತೋಳಿನ ಮೇಲೆ ಮೂರು ಪಟ್ಟಿ ಏರಿಸಿಕೊಂಡ. ಜುಂಜಣ್ಣ ಹೋದಾಗ ಸಿಪಾಯಿ, ಈಗಲೂ ಸಿಪಾಯಿ.

ಮುತ್ತುರಾಜ್ ನಾಯಕ್ ಆದ ಸುದ್ದಿ ಬಂದಾಗ ಹಟ್ಟಿಯ ಹಿರಿಯಳು ದುರುಗಕ್ಕ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಗೊಲ್ಲರ ಹುಡುಗ ನಾಯಕರ ಜಾತಿಯೋನು ಹೆಂಗಾದ? ಅವ್ರು ಸೇರಿಸ್ಕೊಂಡ್ರಾ?" ಅಂತ ಕೇಳಿದ್ದಳು. ಹಟ್ಟಿಗೆ ಹಟ್ಟಿಯೇ ಬಿದ್ದು ಬಿದ್ದು ನಕ್ಕಿತು. ಮೂಗಮ್ಮ ಮಾತ್ರ ಮುಖ ಗಂಟಿಕ್ಕಿಕೊಂಡು ಒಳಗೆ ಹೋದಳು.

ಹೊಸ ಪೇ ಕಮಿಷನ್ ಬಂದ ಮೇಲಂತೂ ಕೇಳಬೇಡಿ. ಎದುರು ಮನೆಗೆ ಮಿಕ್ಸಿ ಬಂತು, ಕಲರ್ ಟಿ.ವಿ. ಬಂತು. ಆ ಮಿಕ್ಸಿ ಗುರ್ ಅಂದಾಗಲೆಲ್ಲ ಮೂಗಮ್ಮ ತನ್ನ ಒರಳಿನಲ್ಲಿ ಖಾರವನ್ನು ಜಪ್ಪಿ ಜಪ್ಪಿ ರುಬ್ಬುತ್ತಿದ್ದಳು. ಜುಂಜಣ್ಣನ ಮನಿಯಾರ್ಡರೂ ಹೆಚ್ಚಾಗಿತ್ತು, ಇಲ್ಲ ಅನ್ನುವಂತಿಲ್ಲ. ಆದರೆ ಎದುರು ಮನೆಯಷ್ಟು ಯಾಕಿಲ್ಲ? ಅವಳಿಗೆ ಗೊತ್ತಿದ್ದದ್ದು ಕುರಿಯ ಲೆಕ್ಕ. ಒಂದೇ ದಿನ ಮಂದೆಯ ಹಿಂದೆ ಹೋದ ಇಬ್ಬರಿಗೆ ಒಂದೇ ಕೂಲಿ, ಒಂದೇ ಕಂಬಳಿ. ಅಂದಮೇಲೆ ಗಂಡ ಮಿಕ್ಕಿದ್ದನ್ನು ಎಲ್ಲೋ ಸುರಿಯುತ್ತಿದ್ದಾನೆ. ಕುಡಿತವೋ, ಇನ್ನೊಬ್ಬಳೋ! ಈ ಸಲ ರಜೆಗೆ ಬರಲಿ, ಮತ್ತೆ ಕಳಿಸುವುದೇ ಇಲ್ಲ ಅಂತ ಹಲ್ಲು ಕಡಿದಳು. ಇನ್ನೊಂದು ವರ್ಷ ತಳ್ಳಿದರೆ ಹದಿನೈದು ತುಂಬಿ ಜೀವ ಇರುವವರೆಗೂ ಪಿಂಚಣಿ. ನಡುವೆ ಬಿಟ್ಟು ಬಂದರೆ ಬರಿಗೈ. ಅದು ಅವಳಿಗೂ ಗೊತ್ತಿತ್ತು. ಸಿಟ್ಟು ಬಂದ ಮೂಗಮ್ಮನಿಗೆ ಪಿಂಚಣಿ ಯಾವ ಲೆಕ್ಕ?

ಒಂದು ದಿನ ನಲ್ಲಿಯ ಹತ್ತಿರ ಬಿಂದಿಗೆಗೆ ಬಿಂದಿಗೆ ತಾಗಿತು. "ಏನೇ, ನಿನ್ ಗಂಡನ ಬಂದೂಕು ಎರಡು ಸಲ ಢಂ ಅಂತೈತಾ, ಸಂಬಳ ಜಾಸ್ತಿ ಕೊಡಾಕೆ?" ಅಂದಳು ಮೂಗಮ್ಮ.

ಚಿತ್ರಾಳೇನು ಕಡಿಮೆಯೇ? "ನಮ್ಮೋರ ಸುದ್ದಿ ನಿನಗ್ಯಾಕೆ? ನಿನ್ ಗಂಡನ ಹೆಸರನ್ನ ಕೆಂಪು ಶಾಯಿಲಿ ಬರ್ದವ್ರಂತೆ. ಮೊದಲು ಅದನ್ನ ಕೇಳ್ಕೋ ಹೋಗು!" ಅಂದು ಸೊಂಟ ತಿರುಗಿಸಿಕೊಂಡು ಹೋದಳು.

ಮೂಗಮ್ಮ ಬಿಂದಿಗೆ ತುಂಬಿ ಹರಿದರೂ ನೋಡದೆ ನಿಂತಳು. ಕೆಂಪು ಶಾಯಿ! ಕ್ಯಾಲೆಂಡರಿನಲ್ಲಿ ಹಬ್ಬದ ದಿನ ಕೆಂಪು. ಲಗ್ನಪತ್ರಿಕೆಯಲ್ಲಿ ಮದುಮಕ್ಕಳ ಹೆಸರು ಕೆಂಪು. ಸಾವಿರಾರು ಸಿಪಾಯಿಗಳ ನಡುವೆ ತನ್ನ ಗಂಡನದೂ ಕೆಂಪು! ಅದಕ್ಕೇ ಈ ಚಿತ್ರಾಳಿಗೆ ಉರಿ. ಸಂಜೆಯೊಳಗೆ ಹಟ್ಟಿಗೆಲ್ಲ ಸುದ್ದಿ ಹಂಚಿ ಮುಗಿಯಿತು. ಬಸ್ ಸ್ಟ್ಯಾಂಡಿನಲ್ಲಿ ಅಂಗಡಿಯ ಯರ್ರಪ್ಪ, "ಔನಾ ತಲ್ಲಿ, ಹೌದೇನವ್ವಾ? ಹಂಗಾದ್ರೆ ದೊಡ್ಡ ಮನುಷ್ಯ ಆದ ಬಿಡು" ಅಂತ ಬೇರೆ ಉಬ್ಬಿಸಿದ. ಉಬ್ಬಿದವಳಿಗೆ ಗಂಡನ ಮೇಲಿನ ಅನುಮಾನವೂ ಉಬ್ಬಿತು. ಇಷ್ಟು ದೊಡ್ಡವನು ಮನೆಗೆ ಇಷ್ಟೇ ಕಳಿಸುವುದೇ?

ಆ ಬೇಸಿಗೆ ಇಬ್ಬರು ಗಂಡಸರೂ ರಜೆಗೆ ಬಂದರು. ಜುಂಜಣ್ಣ ಹಟ್ಟಿಯ ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕೂತಿದ್ದಾಗಲೇ ಮೂಗಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. ಪಕ್ಕದಲ್ಲಿ ಮುತ್ತುರಾಜನೂ ಇದ್ದ. ಇರಲಿ, ಅವನೂ ಕೇಳಲಿ ಅಂತಲೇ ಬಂದಿದ್ದಳು.

"ಕೆಂಪು ಶಾಯಿಲಿ ಹೆಸರು ಬರೆಸ್ಕೊಂಡಿದ್ದೀಯಂತೆ! ಆ ದುಡ್ಡು ಎಲ್ಲಿ? ಯಾವಳಿಗೆ ಹಾಕ್ತಿದ್ದೀಯಾ? ಹೇಳು, ಇಲ್ಲಾಂದ್ರೆ ವಾಪಸ್ ಹೋಗಂಗಿಲ್ಲ!"

ಮುತ್ತುರಾಜ್ ತಲೆ ತಗ್ಗಿಸಿದ. ಜುಂಜಣ್ಣನ ಮುಖ ಕಪ್ಪಿಟ್ಟಿತು. ಬೀಡಿ ಆರಿಸಿ, ಮೆಲ್ಲಗೆ ಮಾತಾಡಿದ.

"ಕೆಂಪು ಶಾಯಿ ಅಂದ್ರೆ ಸನ್ಮಾನ ಅಲ್ಲ ಕಣೇ, ಶಿಕ್ಷೆ. ತಪ್ಪು ಮಾಡ್ದೋನ ಹೆಸರಿನ ಮುಂದೆ ಬರೀತಾರೆ. ಸಂಬಳಕ್ಕೆ ಎರಡು ಕಾಲು. ಒಂದು ಸರ್ವೀಸಿನ ವರ್ಷ, ಇನ್ನೊಂದು ತೋಳಿನ ಪಟ್ಟಿ. ವರ್ಷದ ಕಾಲು ನಂದೂ ನಡೀತಾನೇ ಐತೆ, ವರ್ಷ ವರ್ಷ ಒಂದಿಷ್ಟು ಏರ್ತೈತೆ. ಪಟ್ಟಿ ಕಾಲು ಮುರೀತು. ನಾಯಕ್ ಮಾಡೋ ವರ್ಷ ನನ್ ಹೆಸರೂ ಇತ್ತು. ರಜ ಮುಗಿದ್ರೂ ಹೋಗ್ಲಿಲ್ಲ, ಕೆಂಪು ಶಾಯಿ ಬಿತ್ತು. ಆಮೇಲೆ ಬಂದ ಹುಡುಗ್ರು ದಾಟ್ಕೊಂಡು ಹೋದ್ರು."

"ಯಾಕೆ ಹೋಗ್ಲಿಲ್ಲ? ನಿನಗೇನು ದಾಡಿ ಬಂದಿತ್ತು?"

"ಆ ಸಲ ಮುತ್ತುರಾಜನಿಗೆ ರಜ ಜಾಸ್ತಿ ಇತ್ತು. ಅವ್ನು ಹೋಗೋವರ್ಗೂ ನೀನೂ ಹೋಗಂಗಿಲ್ಲ ಅಂತ ನನ್ ಬೂಟು, ಗುರುತಿನ ಚೀಟಿ ಎಲ್ಲಾ ಶೇಂಗಾ ಚೀಲದೊಳಗೆ ಬಚ್ಚಿಟ್ಟೋಳು ಯಾರು?"

ಮೂಗಮ್ಮನಿಗೆ ನೆನಪಾಯಿತು, ನೆನಪಾಗದೆ ಏನು? ಆಗ ಅದನ್ನು ಗೆದ್ದೆ ಅಂದುಕೊಂಡು ಚಿತ್ರಾಳ ಮುಂದೆ ವಾರವೆಲ್ಲ ಎದೆ ಸೆಟೆಸಿ ಓಡಾಡಿದ್ದಳು.

"ಹೆಂಡ್ತಿ ಹಿಂಗೆ ಮಾಡಿದ್ಲು ಅಂತ ಸಾಹೇಬ್ರಿಗೆ ಹೇಳೋಕಾಗಿಲ್ವಾ?" ಅಂದಳು. ಧ್ವನಿ ಅರ್ಧಕ್ಕೆ ಇಳಿದಿತ್ತು.

"ಹೇಳಿ, ಪಲ್ಟನ್ನೆಲ್ಲ ನಿನ್ನ ಆಡ್ಕೊಂಡು ನಗ್ಲಿ ಅಂತಲಾ?"

ಮೂಗಮ್ಮ ಕುರಿ ದೊಡ್ಡಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರಲ್ಲ, ಉಂಡದ್ದು ಅವಳೊಬ್ಬಳೇ ಅಲ್ಲ, ಆ ಪಾಪದವನೂ ಉಂಡಿದ್ದ. ಎದುರು ಮನೆಯ ಮಿಕ್ಸಿಯನ್ನು ಶಪಿಸೋಣ ಅಂದರೂ ಬಾಯಿ ಬರಲಿಲ್ಲ.

ಹೊರಡಬೇಕಾದ ದಿನಕ್ಕೆ ಇನ್ನೂ ಎರಡು ದಿನ ಇರುವಾಗಲೇ ಬುತ್ತಿ ಕಟ್ಟಿದಳು. "ಈಗ್ಲೇ ಯಾಕೆ? ನಾಡಿದ್ದು ಹೊರಟ್ರೂ ಮುಟ್ತೀನಿ" ಅಂದ ಜುಂಜಣ್ಣ. "ದಾರಿಲಿ ರೈಲು ತಪ್ಪಿದ್ರೆ? ಹೋಗು ಅಂದ್ರೆ ಹೋಗು" ಅಂತ ಟ್ರಂಕನ್ನು ತಾನೇ ತಲೆಯ ಮೇಲೆ ಹೊತ್ತಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನಿಗೆ ಅವಳು ಹೋಗು ಅಂದದ್ದು ಅದೇ ಮೊದಲು.

ಚಿತ್ರಾ ಬಾಗಿಲಲ್ಲೇ ನಿಂತಿದ್ದಳು. "ಅಯ್ಯೋ, ಹೊರಟೇಬಿಟ್ರಾ? ನಮ್ಮೋರಿಗೆ ಇನ್ನೂ ಹತ್ತು ದಿನ ಐತಪ್ಪ!"

ಮೂಗಮ್ಮನ ನಾಲಿಗೆಯ ತುದಿಗೆ ಏನೇನೋ ಬಂತು. "ಇರ್ಲಿ ಬಿಡವ್ವ, ಚೆನ್ನಾಗಿ ಉಣ್ಣಕ್ಕಿಕ್ಕು" ಅಂದು ನುಂಗಿಕೊಂಡಳು. ಚಳ್ಳಕೆರೆ ಬಸ್ಸು ಬಂತು. ಜುಂಜಣ್ಣ ಕಿಟಕಿಯಿಂದ ಕೈ ಬೀಸಿದ. ಧೂಳು ಅಡಗುವವರೆಗೂ ನಿಂತಿದ್ದು ಬರಿಗೈಯಲ್ಲಿ ಮನೆಗೆ ಬಂದಳು.

ಮಧ್ಯಾಹ್ನ ಒಲೆ ಹಚ್ಚಲು ಮನಸ್ಸಾಗಲಿಲ್ಲ. ಒಬ್ಬಳಿಗೆ ಏನು ಮುದ್ದೆ ತಿರುವುವುದು? ಎದುರು ಮನೆಯಲ್ಲಿ ಟಿ.ವಿ. ಕೂಗುತ್ತಿತ್ತು, ಮಿಕ್ಸಿ ತಿರುಗುತ್ತಿತ್ತು. ಅವಳ ಕಿವಿಗೆ ಅವೊಂದೂ ಬೀಳಲಿಲ್ಲ. ಆ ಮನೆಯ ಒಳಗೆಲ್ಲೋ ಮುತ್ತುರಾಜ್ ಕೆಮ್ಮಿದ. ಆ ಕೆಮ್ಮಿಗೆ ಮೂಗಮ್ಮನ ಹೊಟ್ಟೆ ಧಗಧಗ ಉರಿಯಿತು.