ಎರಡನೆಯ ಭಾಗದ ನಾಯಕಿ

ಸಾಬೀರಾ ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಬಂದಾಗ ಅವಳಿಗೆ ಮೂವತ್ತೈದು ದಾಟಿತ್ತು. ಅದಕ್ಕೂ ಮುಂಚಿನ ವರ್ಷಗಳೆಲ್ಲ ಮುಂಡರಗಿಯಲ್ಲಿ ಹಾಸಿಗೆ ಹಿಡಿದ ತಂದೆಯ ಆರೈಕೆಯಲ್ಲಿ, ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿಯುವುದರಲ್ಲಿ ಕಳೆದುಹೋಗಿದ್ದವು. ತಂದೆ ತೀರಿಕೊಂಡ ಮೇಲೆ ಅಣ್ಣಂದಿರು ಗಂಡು ಹುಡುಕಿದರು. ಹೆಸರು ದಾದಾಪೀರ, ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುವವನು. ಮೊದಲ ಹೆಂಡತಿ ನೂರೀನ ಜ್ವರದಲ್ಲಿ ಹೋಗಿದ್ದಾಳೆ, ರುಹಿ ಅಂತ ಹನ್ನೊಂದು ವರ್ಷದ ಮಗಳಿದ್ದಾಳೆ, ಮನುಷ್ಯ ಒಳ್ಳೆಯವನು. ಇಷ್ಟೇ ಅವರು ಹೇಳಿದ್ದು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ದಾದಾಪೀರ ಒಳ್ಳೆಯವನೇ. ಒಂದು ದಿನವೂ ದನಿ ಎತ್ತಿದವನಲ್ಲ. ಆದರೆ ಆ ಮನೆಯಲ್ಲಿ ಪ್ರತಿಯೊಂದಕ್ಕೂ ನೂರೀನಳ ರೀತಿ ಅಂತ ಒಂದಿತ್ತು. ಈದಿನ ದಿನ ಸುರಕುಂಬಾ ಪಾಯಸ ಮೊದಲು ಯಾರ ಮನೆಗೆ ಹೋಗಬೇಕು, ಅಡುಗೆಕಟ್ಟೆಯ ಮೇಲೆ ಯಾವ ಡಬ್ಬಿ ಎಲ್ಲಿರಬೇಕು, ಎಲ್ಲವೂ ಅವಳು ಇಟ್ಟ ಹಾಗೆಯೇ ಇದ್ದವು. ಪಕ್ಕದ ಮನೆಯ ತಾರಾಬಾಯಿ ಅಕ್ಕರೆಯಿಂದಲೇ ಹೇಳುತ್ತಿದ್ದಳು: "ಸಾರು ಚಲೋ ಆಗೇತಿ ಬಿಡವಾ. ನೂರೀನ ಆದ್ರ ಹುಣಸಿಹಣ್ಣು ಒಂದೀಟು ಮುಂದ ಹಾಕ್ತಿದ್ಲು." ಮರುದಿನ ಸಾಬೀರಾ ಒಂದಿಷ್ಟು ಹುಣಸೆಹಣ್ಣು ಹೆಚ್ಚಿಗೆ ಹಾಕುತ್ತಿದ್ದಳು. ರುಹಿ ಅವಳನ್ನು ಅಮ್ಮ ಎನ್ನದೆ ಚಾಚಿ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ಹುಡುಗಿ ಬೆಳೆದು ಕಾಲೇಜು ಮೆಟ್ಟಿಲು ಹತ್ತಿದ ಮೇಲೂ ಅದು ಬದಲಾಗಲಿಲ್ಲ.

ಸತ್ತವಳ ಮೇಲೆ ಸಾಬೀರಾಳಿಗೆ ಸಿಟ್ಟಿರಲಿಲ್ಲ. ನೂರೀನಳ ಸೀರೆಗಳಿದ್ದ ಟ್ರಂಕನ್ನು ತಾನೇ ತೆರೆದು, ಬಿಸಿಲಿಗೆ ಹಾಕಿ, ನುಸಿಗುಳಿಗೆ ಇಟ್ಟು ಮುಚ್ಚುತ್ತಿದ್ದಳು. ಹಾಗೆ ಮುಚ್ಚುವಾಗ ಮಾತ್ರ, ಈ ಮನೆಯವರು ತನ್ನ ಬಗ್ಗೆ ಇದುವರೆಗೆ ಏನನ್ನೂ ಕೇಳಿಲ್ಲ ಎಂಬುದು ನೆನಪಾಗುತ್ತಿತ್ತು. ಕೇಳದಿದ್ದುದು ತಾತ್ಸಾರದಿಂದಲ್ಲ. ಅವರಿಗೆ ಹೊಳೆದೇ ಇರಲಿಲ್ಲ.

ನೂರೀನಳಿಗೆ ಒಂದು ಹಿಂದಿ ಸಿನಿಮಾ ಎಂದರೆ ಜೀವ. ಒಬ್ಬ ಲಾರಿ ಡ್ರೈವರ್ ಮತ್ತು ಅವನ ಹೆಂಡತಿಯ ಕಥೆ ಅದು. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಇಬ್ಬರೂ ಗದಗಿಗೆ ಹೋಗಿ ನೋಡಿದ್ದರು. ಮುಂದೆ ಟೀವಿಯಲ್ಲಿ ಬಂದಾಗಲೆಲ್ಲ ನೂರೀನ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ನೋಡುತ್ತಿದ್ದಳಂತೆ. ಈಗ ಇಷ್ಟು ವರ್ಷಗಳ ಮೇಲೆ ಅದರ ಎರಡನೆಯ ಭಾಗ ಬಂತು. ಹೀರೋ ಅವನೇ, ತಲೆ ನರೆತಿತ್ತು. ಹಳೆಯ ನಾಯಕಿ ಸಿನಿಮಾ ಬಿಟ್ಟಿದ್ದರಿಂದ ಹೆಂಡತಿಯ ಪಾತ್ರಕ್ಕೆ ಬೇರೊಬ್ಬಳನ್ನು ಹಾಕಿದ್ದರು.

ನೂರೀನಳ ತಂಗಿ ಜಾಸ್ಮಿನಳನ್ನು ಬೆಟಗೇರಿಗೆ ಕೊಟ್ಟಿತ್ತು. ಅಕ್ಕನ ಮೆಚ್ಚಿನ ಸಿನಿಮಾದ ಸುದ್ದಿ ಹೇಳಲು ಅವಳು ದಾದಾಪೀರನಿಗೆ ಫೋನ್ ಮಾಡಿದಳು. "ಭಾಯಿ, ನಮ್ಮ ಆಪಾನ ಸಿನಿಮಾ ಬಂದೇತ್ರಿ. ಐತವಾರ ಎಲ್ಲಾರೂ ಬರ್ರಿ. ಮುಂಜಾನಿ ಆಟ ನೋಡಿ ನಮ್ಮನ್ಯಾಗ ಊಟ ಮಾಡ್ಕೊಂಡು ಹೋಗೀರಂತ."

ಹೋದರು. ಸಾಬೀರಾ ಸಾಲಿನ ಕೊನೆಯಲ್ಲಿ, ಜಾಸ್ಮಿನಳ ಪಕ್ಕ ಕುಳಿತಳು. ಹೊಸ ನಾಯಕಿ ತೆರೆಯ ಮೇಲೆ ಬಂದಾಗಲೆಲ್ಲ ಜಾಸ್ಮಿನ ಲೊಚಗುಟ್ಟುತ್ತಿದ್ದಳು. ಕಥೆಯಲ್ಲಿ ಆ ದಂಪತಿಯ ಬೆಳೆದ ಮಗಳು ಕಾಣೆಯಾಗಿದ್ದಾಳೆ. ಹುಡುಕಿ ಸೋತ ಗಂಡ ಅಂಗಳದಲ್ಲಿ ಕುಳಿತಿದ್ದಾನೆ. ಹೆಂಡತಿ ಒಳಗಿನಿಂದ ಊಟಕ್ಕೆ ಕರೆಯುತ್ತಾಳೆ. ಅವನು ಏಳುವುದಿಲ್ಲ. ಅವಳು ತಟ್ಟೆಯನ್ನು ತಂದು ಅವನ ಮುಂದಿಟ್ಟು, ಮೇಲೊಂದು ತಟ್ಟೆ ಮುಚ್ಚಿ, ಹೊಸ್ತಿಲ ಮೇಲೆ ಕುಳಿತುಕೊಳ್ಳುತ್ತಾಳೆ. ಮಾತಿಲ್ಲ, ಅಳುವಿಲ್ಲ. ಸಾಬೀರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಚೆ ಕುಳಿತಿದ್ದ ರುಹಿ ಅದನ್ನು ನೋಡಿದಳು.

ಜಾಸ್ಮಿನಳ ಮನೆಯಲ್ಲಿ ಊಟಕ್ಕೆ ಕುಳಿತಾಗ ಸಿನಿಮಾದ್ದೇ ಮಾತು.

"ಹಾಡು ಚಲೋ ಅದಾವ," ಎಂದಳು ಜಾಸ್ಮಿನ. "ಹೀರೋ ಅಂತೂ ಈಗೂ ಹಂಗ ಅದಾನ. ಆದ್ರ ಆ ಹೆಣಮಗಳನ್ನ ಯಾಕ ತಂದ್ರೋ ಏನೋ. ಮೊದಲಿನಾಕಿ ನಕ್ರ ಮನಿ ತುಂಬತಿತ್ತು. ಈಕಿ ಬರೇ ಭಾಂಡಿ ಎತ್ತೂದು, ಇಡೂದು."

"ನನಗೂ ಹಂಗ ಅನಿಸ್ತು ಖಾಲಾ," ಎಂದಳು ರುಹಿ. "ಈಕೀನ್ನ ಆಕಿ ಅಂತ ನಂಬಾಕ ಆಗಲೇ ಇಲ್ಲ."

ದಾದಾಪೀರ ತಲೆ ತಗ್ಗಿಸಿ ಉಣ್ಣುತ್ತಿದ್ದ. ಜಾಸ್ಮಿನ ಮರ್ಯಾದೆಗೆಂದು ಕೇಳಿದಳು: "ಭಾಬಿ, ನಿಮಗ ಹೆಂಗ ಅನಿಸ್ತ್ರಿ?"

ಚಲೋ ಐತಿ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಬೇರೆ ದಿನವಾಗಿದ್ದರೆ ಸಾಬೀರಾ ಅಷ್ಟೇ ಹೇಳುತ್ತಿದ್ದಳು. ಆದರೆ ಹೊಸ್ತಿಲ ಮೇಲೆ ಕುಳಿತ ಆ ಹೆಂಗಸು ಇನ್ನೂ ಅವಳ ಕಣ್ಣ ಮುಂದಿದ್ದಳು.

"ಆಕಿ ತನ್ನ ಪಾರ್ಟ್ ಚಲೋ ಮಾಡ್ಯಾಳ," ಎಂದಳು. "ನನಗ ಸೇರಲಾರದ್ದು ಹೀರೋಂದು."

"ಅಯ್ಯ! ಆಂವಾ ಏನ ಮಾಡಿದ್ನ್ರಿ?" ಎಂದಳು ಜಾಸ್ಮಿನ.

"ಆಕಿ ಮಾತಾಡುವಾಗ ಆಂವಾ ಒಮ್ಮಿನೂ ಆಕಿ ಮಾರಿ ನೋಡೂದಿಲ್ಲ. ಹಿಂದ ಯಾರೋ ನಿಂತಾರ ಅನ್ನೂವಂಗ ಹೆಗಲ ಮ್ಯಾಲಿಂದ ನೋಡ್ತಾನ. ಎದುರಿಗಿದ್ದಾಂವ ನೋಡಲಿಲ್ಲಂದ್ರ ಆಕಿ ಯಾರ ಜೋಡಿ ಪಾರ್ಟ್ ಮಾಡಬೇಕು? ಒಬ್ಬಾಕಿನ ಎಷ್ಟಂತ ಮಾಡಿಯಾಳು?"

ಅವಳು ಸಿನಿಮಾದ ಮಾತನ್ನೇ ಆಡಿದ್ದಳು. ಆಡಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವಳ ಕಿವಿಗೆ ಬಿತ್ತು. ಜಾಸ್ಮಿನ ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ರುಹಿಯ ಕೈ ತಟ್ಟೆಯಲ್ಲೇ ನಿಂತಿತು. ದಾದಾಪೀರ ಎದ್ದು ಕೈತೊಳೆದು, ಹೊರಗಿನ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತ.

ಹೊರಡುವಾಗ ಜಾಸ್ಮಿನ ಬಾಗಿಲ ತನಕ ಬಂದಳು, ಆದರೆ ಎಂದಿನಂತೆ ಸಾಬೀರಾಳ ಕೈ ಹಿಡಿಯಲಿಲ್ಲ. ಮುಂದೆ ಕೆಲವು ತಿಂಗಳು ಅವಳ ಫೋನೂ ಬರಲಿಲ್ಲ. ಬಕ್ರೀದಿಗೆ ತಾನಾಗಿಯೇ ಬಂದಳು ಅನ್ನುವುದು ಬೇರೆ ಮಾತು.

ಬಸ್ಸಿನಲ್ಲಿ ಮೂವರಿಗೂ ಬೇರೆ ಬೇರೆ ಕಡೆ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಸಾಬೀರಾ ತನ್ನನ್ನೇ ಬೈದುಕೊಂಡಳು. ಉಂಡ ಮನೆಯಲ್ಲಿ ಅಂಥ ಮಾತು ಬೇಕಿತ್ತೇ? ಶಿರಹಟ್ಟಿಯಲ್ಲಿ ಅರ್ಧ ಬಸ್ಸು ಖಾಲಿಯಾಯಿತು. ರುಹಿ ಅವಳ ಮುಂದಿನ ಸೀಟಿಗೆ ಬಂದಳು. ದಾದಾಪೀರ ಬಂದು ಸಾಬೀರಾಳ ಪಕ್ಕದಲ್ಲೇ ಕುಳಿತ. ಏನೋ ಹೇಳಲಿದ್ದಾನೆ ಎಂದು ಸಾಬೀರಾ ಮೈ ಹಿಡಿ ಮಾಡಿಕೊಂಡಳು.

"ಮೊದಲನೇ ಭಾಗ ನೀ ನೋಡಿದ್ದೇನು?" ಎಂದು ಕೇಳಿದ.

"ಹೂಂ."

"ಯಾವಾಗ? ಎಲ್ಲೆ?"

"ಮುಂಡರಗ್ಯಾಗ. ಅಬ್ಬಾನ ಹತ್ರ ಬಾಜೂ ಮನಿ ಮಂಜವ್ವನ್ನ ಕುಂಡ್ರಿಸಿ ಹೋಗಿದ್ದೆ. ಇಂಟರ್ವಲ್‌ಗೆ ಎದ್ದು ಬಂದ್ನಿ. ಅಬ್ಬಾಗ ಎಚ್ಚರಾದ್ರ ನನ್ನನ್ನ ಕರೀತಿದ್ರು."

"ಮತ್ತ ಆಮ್ಯಾಲೆ ಪೂರಾ ನೋಡಲೇ ಇಲ್ಲ?"

"ಇಲ್ಲ. ಗಂಡಾ ಹೆಂಡ್ತಿ ಅಗಲಿದ್ದು ನೋಡಿದ್ದೆ. ಹೆಂಗ ಕೂಡಿದ್ರು ಅನ್ನೂದು ಇವತ್ತಿಗೂ ಗೊತ್ತಿಲ್ಲ."

ದಾದಾಪೀರ ಅವಳ ಕಡೆ ತಿರುಗಿದ. "ಅಬ್ಬಾಗ ಎಷ್ಟು ವರ್ಷ ಹಂಗಿತ್ತು?" ಎಂದ. ಅವಳು ಹೇಳಿದಳು. ಬಿದ್ದ ದಿನದ್ದು, ಮಾತು ಹೋದದ್ದು, ಕೊನೆಕೊನೆಗೆ ಅವಳ ಹೆಸರೊಂದೇ ಬಾಯಲ್ಲಿ ಉಳಿದದ್ದು. ಅವನು ನಡುವೆ ಮಾತಾಡದೆ ಕೇಳಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಸಿನಿಮಾದ ಉಳಿದರ್ಧದ ಕಥೆ ಹೇಳತೊಡಗಿದ. ಕಥೆ ಹೇಳಿ ಅಭ್ಯಾಸವಿಲ್ಲದವನು, ಘಟನೆಗಳನ್ನು ಹಿಂದೆಮುಂದೆ ಮಾಡಿದ.

ಮುಂದಿನ ಸೀಟಿನಿಂದ ರುಹಿ ಹೊರಳಿ ಕುಳಿತಳು. "ಹಂಗಲ್ಲಬ್ಬಾ, ಮೊದಲು ಲಾರಿ ಕೆಡತೈತಿ, ಆಮ್ಯಾಲೆ ಆಸ್ಪತ್ರಿ. ನಾ ಹೇಳ್ತೇನಿ ತಡೀರಿ, ಚಾಚಿ."

ಲಕ್ಷ್ಮೇಶ್ವರ ಬಂದಾಗ ಕಥೆ ಇನ್ನೂ ಮುಗಿದಿರಲಿಲ್ಲ. ಮೂವರೂ ಇಳಿದು, ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತರು.