ಹೇಳಿ ಹೋಗುವ ಚಟ

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿಬರುವುದಿದ್ದರೂ ಪಕ್ಕದ ಮನೆಯ ಮೇಷ್ಟ್ರಿಗೆ ಹೇಳಿಯೇ ಹೊರಡುವವನು ನಾನು. ಯಾವ ಬಸ್ಸು, ಎಷ್ಟು ಹೊತ್ತಿಗೆ ವಾಪಸ್ಸು, ಎಲ್ಲ. ಬಸ್ ಟಿಕೆಟ್ಟು ವಾರಗಟ್ಟಲೆ ಜೇಬಿನಲ್ಲೇ ಇದ್ದು, ಅಂಗಿ ಒಗೆದಾಗ ಮುದ್ದೆಯಾಗಿ ಹೊರಗೆ ಬರುತ್ತದೆ. ಐವತ್ತು ದಾಟಿದ ಸರ್ಕಾರಿ ಗುಮಾಸ್ತನಿಗೆ ಇದೆಂಥ ಚಟ ಎಂದರೆ, ತಾತನಿಂದ ಬಂದ ಆಸ್ತಿ. ಬೇರೆ ಆಸ್ತಿ ಬರಲಿಲ್ಲ.

ನಾವು ಬುಟ್ಟಿ ಹೆಣೆಯುವ ಕೊರಮರು. ಬ್ರಿಟಿಷರು ಮಾಡಿದ, ಮೈಸೂರು ಸೀಮೆಯೂ ಎರವಲು ಪಡೆದ ಕಾನೂನೊಂದು ನಮ್ಮನ್ನು ಹುಟ್ಟುಗಳ್ಳರೆಂದು ಬರೆದಿಟ್ಟಿತ್ತು. ಅರಕಲಗೂಡಿನ ಕಡೆಯ ನಮ್ಮ ಹಳ್ಳಿಯಲ್ಲಿ ತಾತ ದಿನಾ ಸಂಜೆ ಪಟೇಲರ ಜಗಲಿಯ ಮುಂದೆ ನಿಂತು ಹಾಜರಿ ಕೊಡಬೇಕಿತ್ತು. ರಾಮನಾಥಪುರಕ್ಕೆ ಬುಟ್ಟಿ ಮಾರಲು ಹೋಗುವುದಕ್ಕೂ ಚೀಟಿ ಬೇಕು. ಒಮ್ಮೆ ಚೀಟಿಯಿಲ್ಲದೆ ಹೋಗಿ ತಿಂದ ಲಾಠಿ ಏಟಿಗೆ ಎರಡು ಬೆರಳು ಮಡಿಚಲು ಬಾರದಾಯಿತು. ಆಮೇಲೆ ಬುಟ್ಟಿಯ ಅಂಚು ಕಟ್ಟುವ ಕೆಲಸ ಅಜ್ಜಿಯದೇ. ಕಾನೂನು ಹೋಯಿತು, ತಾತ ಜಗಲಿಗೆ ಹೋಗುವುದನ್ನು ಬಿಡಲಿಲ್ಲ. "ಯೋಳ್ಬುಟ್ಟು ಓಗ್ಲಾ. ಯೋಳ್ದೋನ್ನ ಯಾರೂ ಇಡ್ಕಳಕಿಲ್ಲ ಕಣ್ಲಾ" ಎನ್ನುತ್ತಿದ್ದ.

ಕಳೆದ ತಿಂಗಳು ನಮ್ಮ ಬೀದಿಯ ಮನೆಯೊಂದರಲ್ಲಿ ಚಿನ್ನದ ಸರ ಕಾಣೆಯಾಯಿತು. ಆ ದಿನ ನಾನು ಹೊಳೆನರಸೀಪುರದಲ್ಲಿ, ತಂಗಿಯ ಮನೆಯಲ್ಲಿದ್ದೆ. ಆದರೂ ಯಾರೂ ಕರೆಯದೆ, ಮುದ್ದೆಯಾದ ಟಿಕೆಟ್ಟು ಹಿಡಿದು ಠಾಣೆಗೆ ಹೋದೆ. ಇಂಥ ಬುದ್ಧಿವಂತಿಕೆ ನಮ್ಮವರಿಗೇ ಬರಬೇಕು.

"ನೀವೇನಾ? ನಿಮ್ ಮೇಷ್ಟ್ರು ಬೆಳಿಗ್ಗೇನೇ ಬಂದಿದ್ರು" ಎಂದ ಪೇದೆ.

ಎದೆ ತುಂಬಿ ಬಂತು. "ಅವರಿಗೆ ಎಲ್ಲಾ ಗೊತ್ತು ಸಾ. ಹೇಳೇ ಹೋಗಿದ್ದೆ."

"ಅದ್ನೇ ಅವ್ರೂ ಹೇಳಿದ್ದು ಕಣ್ರೀ. ನಾವು ಕೇಳ್ದೇನೇ ಊರಿಗೋಗೋ ಲೆಕ್ಕ ಒಪ್ಪಿಸ್ತಾನೆ, ಏನೋ ಇದ್ದೇ ಇರತ್ತೆ, ಜಾತಿ ನೋಡಿ ಅಂದ್ರು."

ಸರ ಎರಡು ದಿನಕ್ಕೆ ಆ ಮನೆಯ ಬೀರುವಿನ ಹಿಂದೆಯೇ ಸಿಕ್ಕಿತು. ಮೇಷ್ಟ್ರು ಕರೆದು ಕಾಫಿ ಕೊಟ್ಟರು. "ಪೊಲೀಸ್ರು ಬಂದು ಕೇಳಿದ್ರಪ್ಪ, ಇರೋದ್ ಹೇಳ್ದೆ. ಮನಸ್ಸಿಗೆ ಅಚ್ಕಬ್ಯಾಡಿ." ಅವರೇ ಠಾಣೆಗೆ ಹೋಗಿದ್ದು ನನಗೆ ಗೊತ್ತು ಎಂಬ ಮಾತು ನಾಲಿಗೆಯ ತನಕ ಬಂತು. ಕಾಫಿಯ ಜೊತೆ ನುಂಗಿದೆ. ಇಪ್ಪತ್ತು ವರ್ಷ ಸ್ನೇಹಿತನ ಮನೆ ಎಂದುಕೊಂಡು ನಾನು ಹತ್ತುತ್ತಿದ್ದದ್ದು ಪಟೇಲರ ಜಗಲಿಯನ್ನೇ.

ಮೊನ್ನೆ ಭಾನುವಾರ ಅರಕಲಗೂಡಿಗೆ ಹೊರಟಾಗ ಗೇಟಿನಲ್ಲೇ ನಿಂತಿದ್ದರು. "ಎತ್ಲಾಗೆ ಒಂಟ್ರಿ?"

ಮೊದಲ ಬಾರಿಗೆ ಉತ್ತರ ಕೊಡದೆ ನಡೆದೆ. ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ಬೆನ್ನು ಏಟಿಗೆ ಕಾಯುತ್ತಿತ್ತು. ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ಈ ಸಲ ಮಡಿಚಿ, ಒದ್ದೆಯಾಗದಂತೆ ಪರ್ಸಿನ ಒಳಗಿಟ್ಟೆ.