ಬಂಗುಡೆಯ ಪಕ್ಕದ ಇಂಜೆಕ್ಷನ್

ಎಷ್ಟು ಇಂಜೆಕ್ಷನ್ ಕೊಟ್ಟರೂ ನನ್ನ ಗಂಡನ ಹಿಮೋಗ್ಲೋಬಿನ್ ಏಳರಿಂದ ಮೇಲೇಳಲಿಲ್ಲ. ಕಿಡ್ನಿ ಕೈಕೊಟ್ಟವರಿಗೆ ರಕ್ತ ಹೆಚ್ಚಲೆಂದು ಡಯಾಲಿಸಿಸ್ ದಿನ ಕೊಡುವ ಮದ್ದು ಅದು. ಡಾಕ್ಟರು ಕಬ್ಬಿಣಾಂಶ ನೋಡಿದರು, ಸೋಂಕು ಹುಡುಕಿದರು, ಡೋಸ್ ಏರಿಸಿದರು. ಇವರ ಉಗುರು ಮಾತ್ರ ಮೇಣದ ಬತ್ತಿಯ ಬಣ್ಣದಲ್ಲೇ ಉಳಿಯಿತು. ಕೆಲವರ ದೇಹ ಈ ಮದ್ದಿಗೆ ಬಗ್ಗುವುದಿಲ್ಲ, ಇನ್ನೂ ಹೀಗೇ ಇದ್ದರೆ ರಕ್ತವನ್ನೇ ಕೊಡಬೇಕಾದೀತು ಎಂದರು.

ಇವರಿಗೆ ನನ್ನದೇ ಒಂದು ಕಿಡ್ನಿ ಕೊಡುವುದೆಂದು ತೀರ್ಮಾನವಾಗಿ, ಮ್ಯಾಚ್ ಕೂಡ ಆಗಿತ್ತು. ಹೊರಗಿನ ರಕ್ತ ಸೇರಿದರೆ ಬೇರೆಯವರ ಕಿಡ್ನಿಯನ್ನು ಒಲ್ಲೆನ್ನುವ ಗುಣ ದೇಹಕ್ಕೆ ಬರಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಆಮೇಲೆ ನನ್ನದು ಇದ್ದೂ ಇಲ್ಲದ ಹಾಗೆ!

ನಮ್ಮ ಮುಲುಂಡಿನ ಮನೆಯಲ್ಲಿ ಫ್ರಿಜ್ ಅತ್ತೆಯ ಸುಪರ್ದಿ. ತಿಂಗಳಿಗಾಗುವ ಇಂಜೆಕ್ಷನ್‌ಗಳನ್ನು ನಾನು ಮೆಡಿಕಲ್‌ನಿಂದ ಐಸ್ ಪ್ಯಾಕಿನಲ್ಲಿ ತಂದು ಅವರ ಕೈಗೆ ಕೊಡುತ್ತಿದ್ದೆ. ಡಯಾಲಿಸಿಸ್ ದಿನ ಅವರೇ ಬೇಗ ಎದ್ದು ಒಂದನ್ನು ತೆಗೆದು ನಮ್ಮ ಚೀಲದಲ್ಲಿಡುತ್ತಿದ್ದರು.

ಒಂದು ಡಯಾಲಿಸಿಸ್ ದಿನ ಅತ್ತೆ ಡೊಂಬಿವಲಿಯ ಮಗಳ ಮನೆಯಲ್ಲಿದ್ದರು. ಫ್ರಿಜ್ ತೆರೆದರೆ ಹಾಲು, ದೋಸೆ ಹಿಟ್ಟು, ದೇವರಿಗೆಂದು ಬಾಳೆಲೆಯಲ್ಲಿ ಸುತ್ತಿಟ್ಟ ಮಲ್ಲಿಗೆ. ಇಂಜೆಕ್ಷನ್ ಎಲ್ಲೂ ಇಲ್ಲ. ಫೋನ್ ಮಾಡಿದೆ.

"ಮೇಲೆ ಉಂಟಲ್ಲ ಮಗಾ, ಬಂಗುಡೆ ಡಬ್ಬದ ಹತ್ತಿರ."

"ಫ್ರೀಜರಿನಲ್ಲಾ ಅತ್ತೆ?"

"ಮತ್ತೆಂತ? ರಕ್ತದ ಮದ್ದನ್ನು ದೇವರ ಹೂವಿನ ಒಟ್ಟಿಗೆ ಇಡ್ಲಿಕ್ಕಾಗ್ತದಾ? ಮೀನಿದ್ದಲ್ಲಿಗೇ ಅದೂ."

ಫ್ರೀಜರಿನ ಬಾಗಿಲು ಎಳೆದೆ. ಸಿರಿಂಜುಗಳೊಳಗೆ ನೀರಿನಂಥ ಮದ್ದು ಬೆಳ್ಳಗೆ ಕಲ್ಲಾಗಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ ಬೆರಳಿಟ್ಟು, ಮದ್ದಿನ ಡಬ್ಬಿಯ ಮೇಲಿನ ಇರುವೆಯಂಥ ಇಂಗ್ಲಿಷ್ ಅಕ್ಷರಗಳನ್ನು ಓದಿದೆ: ಹೆಪ್ಪುಗಟ್ಟಲು ಬಿಡಬಾರದು.

"ರೀ! ನಿಮ್ಮ ದೇಹದ್ದು ಏನೂ ತಪ್ಪಿಲ್ಲ!"

ನಾನು ಕೂಗಿದ ರಭಸಕ್ಕೆ ಇವರು ಅರ್ಧ ಬೋಳಿಸಿದ ಗಡ್ಡದಲ್ಲೇ ಬಂದು ಬಾಗಿಲು ಹಿಡಿದು ನಿಂತರು. "ಎಂತ ಮಾರಾಯ್ತಿ, ಲಾಟರಿ ಹೊಡೀತಾ?"

"ಅದಕ್ಕಿಂತ ದೊಡ್ಡದು. ಮುಟ್ಟಿ ನೋಡಿ!"

ಮುಟ್ಟಿದರು, ಮೂಸಿದರು. "ಅಂದ್ರೆ ಇಷ್ಟು ದಿನ ಅಮ್ಮ ನಂಗೆ ಚುಚ್ಚಿಸಿದ್ದು ಬಂಗುಡೆ ಕುಲ್ಫಿ!"

ನಗುತ್ತಾ ನಗುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಆಸ್ಪತ್ರೆಯಲ್ಲಿ ವಿಷಯ ತಿಳಿಸಿದೆವು. ಒಮ್ಮೆ ಹೆಪ್ಪುಗಟ್ಟಿದರೆ ಈ ಮದ್ದಿನ ಶಕ್ತಿ ಹೋಗುತ್ತದೆ, ಕರಗಿದ ಮೇಲೆ ನೋಡಿದವರಿಗೆ ಗೊತ್ತೂ ಆಗುವುದಿಲ್ಲ ಎಂದರು ಡಾಕ್ಟರು. ರಕ್ತ ಕೊಡುವುದನ್ನು ಮುಂದಕ್ಕೆ ಹಾಕಿ, ಏರಿಸಿದ್ದ ಡೋಸ್ ಇಳಿಸಿ, ಹೊಸ ಇಂಜೆಕ್ಷನ್ ಬರೆದರು.

ಸುದ್ದಿ ಕೇಳಿದ ಅತ್ತೆ ಸಂಜೆಯ ಲೋಕಲ್ ರೈಲು ಹಿಡಿದು ಬಂದವರು, ಸೀರೆ ಕೂಡ ಬದಲಿಸದೆ ಫ್ರಿಜ್ಜಿನ ಮುಂದೆ ನಿಂತರು. ಮಲ್ಲಿಗೆಯ ಪೊಟ್ಟಣ ಹೊರಗಿಟ್ಟು, ಆ ಜಾಗವನ್ನು ಒರೆಸಿ, ಹೊಸ ಇಂಜೆಕ್ಷನ್ ಇಟ್ಟರು.

"ಹೂವು ಬಾಡ್ತದೆ ಅತ್ತೆ."

"ಬಾಡಲಿ. ದೇವರಿಗೆ ಎಂತ, ರಿಪೋರ್ಟ್ ತೋರಿಸ್ಲಿಕ್ಕುಂಟಾ?"

ಮುಂದಿನ ರಿಪೋರ್ಟಿನಲ್ಲಿ ಅಂಕಿ ಅಲುಗಿತು. ಅದರ ಮುಂದಿನದ್ದರಲ್ಲಿ ಹತ್ತು ದಾಟಿತು! ಡಾಕ್ಟರು ರಕ್ತದ ಮಾತನ್ನೇ ಎತ್ತಲಿಲ್ಲ. ಇವರ ಜೊತೆ ನಾನು ಯಾವಾಗ ಅಡ್ಮಿಟ್ ಆಗಬಲ್ಲೆ ಎಂದು ಕೇಳಿದರು.

"ನಾಳೆಯೇ," ಅಂದುಬಿಟ್ಟೆ.